24 ಕಾರ್ಡುಗಳ ಚಲನಚಿತ್ರ ಯಂತ್ರ: ಕಟ್ಟಿದ್ದು ಮತ್ತು ಸರಿಪಡಿಸಿದ್ದು

ಈ ಯಂತ್ರಕ್ಕೆ ವಿದ್ಯುತ್ ಬೇಡ, ಪರದೆಯೂ ಬೇಡ. ಒಂದು ಮರದ ಪೆಟ್ಟಿಗೆ, ಅದರೊಳಗೆ ತಿರುಗುವ ಉರುಳೆ, ಉರುಳೆಗೆ ಸಿಕ್ಕಿಸಿದ 24 ಕಾರ್ಡು, ಪಕ್ಕದಲ್ಲಿ ಒಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಕಾರ್ಡುಗಳು ಒಂದರ ಹಿಂದೊಂದು ಮಗುಚಿ ಬೀಳುತ್ತವೆ, ಕುದುರೆ ಓಡುತ್ತದೆ. ಕೈ ನಿಂತರೆ ಕುದುರೆಯೂ ನಿಲ್ಲುತ್ತದೆ. ನಾಲ್ಕು ಗೊರಸುಗಳೂ ನೆಲ ಬಿಟ್ಟಿರುವ ಚಿತ್ರದಲ್ಲಿ ಬೇಕಾದರೂ ನಿಲ್ಲಿಸಿ ಎಷ್ಟು ಹೊತ್ತಾದರೂ ನೋಡಬಹುದು. ವೇಗವೆಲ್ಲ ನೋಡುವವರ ಕೈಯಲ್ಲೇ ಇರುವುದು ನನಗೆ ಈ ಯಂತ್ರದಲ್ಲಿ ಅತ್ಯಂತ ಪ್ರಿಯವಾದ ಗುಣ.

ಹಾಳೆಗಳ ಕಂತೆಯನ್ನು ಹೆಬ್ಬೆರಳಿನಿಂದ ಸರಸರನೆ ಬಿಡುತ್ತಾ ಚಿತ್ರವನ್ನು ಚಲಿಸುವಂತೆ ಮಾಡುವ ಆಟಕ್ಕೆ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾರ್ನ್ಸ್ ಲಿನೆಟ್ 1868ರಲ್ಲಿ ‘ಕೀನಿಯೋಗ್ರಾಫ್’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಅಮೆರಿಕದ ಹರ್ಮನ್ ಕ್ಯಾಸ್ಲರ್ ಅದೇ ಕಂತೆಯನ್ನು ಒಂದು ಚಕ್ರದ ಸುತ್ತ ನಿಲ್ಲಿಸಿ, ಹಿಡಿಕೆ ಜೋಡಿಸಿ, 1895ರಲ್ಲಿ ಮ್ಯೂಟೋಸ್ಕೋಪ್‌ಗೆ ಪೇಟೆಂಟ್ ಪಡೆದ. ಅದರ ಒಂದು ಚಕ್ರದಲ್ಲಿ ಸುಮಾರು 850 ಕಾರ್ಡುಗಳಿದ್ದವು. ಒಂದು ನಿಮಿಷದಷ್ಟು ಕಾಲ ಓಡುತ್ತಿತ್ತು. ಲ್ಯೂಮಿಯರ್ ಸಹೋದರರ ಕಿನೋರಾ ಇದೇ ವಂಶದ್ದು, ಮನೆಯ ಮೇಜಿನ ಮೇಲಿಟ್ಟು ನೋಡುವಷ್ಟು ಚಿಕ್ಕದು. ಲಿನೆಟ್‌ನ ಪುಸ್ತಕದಲ್ಲಿ ಹೆಬ್ಬೆರಳು ಮಾಡುತ್ತಿದ್ದ ಕೆಲಸವನ್ನು ಮ್ಯೂಟೋಸ್ಕೋಪ್‌ನಲ್ಲಿ ಒಂದು ಲೋಹದ ತಡೆ ಮಾಡುತ್ತದೆ. ಯಂತ್ರದ ಜೀವ ಇರುವುದು ಆ ತಡೆಯಲ್ಲಿ. ಉರುಳೆ ತಿರುಗಿಸುವುದಕ್ಕೆ ಯಾವ ಹಿಡಿಕೆಯಾದರೂ ಸಾಕು. ಕಾರ್ಡನ್ನು ಅದರ ಸರದಿ ಬರುವವರೆಗೆ ಹಿಡಿದು ನಿಲ್ಲಿಸಿ, ಸರದಿ ಬಂದಾಗ ತಟ್ಟನೆ ಬಿಟ್ಟುಬಿಡುವುದೇ ಕಷ್ಟದ ಕೆಲಸ. ನಿಂತ ಚಿತ್ರಗಳನ್ನು ಕಣ್ಣು ಹೊಲಿದುಕೊಳ್ಳುತ್ತದೆ, ಜಾರುತ್ತಿರುವ ಚಿತ್ರ ಬರೀ ಮಸುಕಾಗಿ ಕಾಣುತ್ತದೆ.

ಎಂಟುನೂರು ಕಾರ್ಡು ಕತ್ತರಿಸುವ ಉದ್ದೇಶ ನನಗಿರಲಿಲ್ಲ. ಹಾಗಾಗಿ ನಾನು ಆರಿಸಿಕೊಂಡದ್ದು ಹಳೆಯ ರೈಲು ನಿಲ್ದಾಣಗಳ ಮಗುಚುವ ಫಲಕದ ವಿನ್ಯಾಸ. ಇದರಲ್ಲಿ ಪ್ರತಿ ಚಿತ್ರ ನಡುವೆ ಅಡ್ಡಲಾಗಿ ಎರಡು ಹೋಳಾಗಿರುತ್ತದೆ. ನಿಂತಿರುವ ಕಾರ್ಡಿನ ಮುಂಭಾಗದಲ್ಲಿ ಮೇಲಿನ ಅರ್ಧ, ಈಗಾಗಲೇ ಬಿದ್ದು ನೇತಾಡುತ್ತಿರುವ ಕಾರ್ಡಿನ ಬೆನ್ನಿನಲ್ಲಿ ಕೆಳಗಿನ ಅರ್ಧ. ನಿಂತ ಕಾರ್ಡು ಬಿದ್ದೊಡನೆ ಅದರ ಬೆನ್ನಿನಲ್ಲಿ ಮುಂದಿನ ಚಿತ್ರದ ಕೆಳಭಾಗ ತೆರೆದುಕೊಳ್ಳುತ್ತದೆ, ಅದರ ಹಿಂದೆ ಕಾದಿದ್ದ ಕಾರ್ಡಿನಲ್ಲಿ ಮುಂದಿನ ಚಿತ್ರದ ಮೇಲ್ಭಾಗ ಕಾಣುತ್ತದೆ. 24 ಕಾರ್ಡಿಗೆ 24 ಚಿತ್ರ. 24ನೆಯದು ಬಿದ್ದರೆ ಮತ್ತೆ ಮೊದಲನೆಯದು. ಒಂದು ಕಥೆ ಹೇಳಬೇಕಾದರೆ ಮ್ಯೂಟೋಸ್ಕೋಪೇ ಸರಿ. ಮತ್ತೆ ಮತ್ತೆ ಮರಳುವ ಒಂದು ಚಲನೆಯನ್ನು ತೋರಿಸುವುದಕ್ಕೆ ಇದಕ್ಕಿಂತ ಚೆನ್ನಾದ ಏರ್ಪಾಡನ್ನು ನಾನು ಕಂಡಿಲ್ಲ.

ಉರುಳೆ

ಉರುಳೆ ಎಂದರೆ ಒಂದೇ ಸರಳಿನ ಮೇಲೆ ಕೂತ ಎರಡು ತಟ್ಟೆ. ಕಾರ್ಡಿನ ಎರಡು ಬದಿಯ ಕಿವಿಗಳು ಈ ತಟ್ಟೆಗಳ ತೂತುಗಳಲ್ಲಿ ಸಡಿಲವಾಗಿ ತಿರುಗುತ್ತವೆ. 3 ಮಿ.ಮೀ. ಪ್ಲೈವುಡ್‌ನಲ್ಲಿ 50 ಮಿ.ಮೀ. ವ್ಯಾಸದ ತಟ್ಟೆ, ತೂತುಗಳ ವೃತ್ತ 40 ಮಿ.ಮೀ., ತೂತು 2 ಮಿ.ಮೀ. ಕೋನಮಾಪಕ ಬೇಕಿಲ್ಲ. ವೃತ್ತದ ತ್ರಿಜ್ಯವನ್ನೇ ಕೈವಾರದಲ್ಲಿ ಹಿಡಿದು ಪರಿಧಿಯ ಮೇಲೆ ನಡೆಸಿದರೆ ಆರು ಗುರುತು ಬೀಳುತ್ತದೆ. ಪ್ರತಿ ಭಾಗವನ್ನು ಎರಡು ಬಾರಿ ಅರ್ಧಿಸಿದರೆ 24. ಎರಡೂ ತಟ್ಟೆಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ಡ್ರಿಲ್ ಮಾಡಬೇಕು, ಬಿಡಿಸುವ ಮೊದಲು ಅಂಚಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿಡಬೇಕು. ಸರಳಿಗೆ ಅಂಟಿಸುವಾಗ ಆ ಗೆರೆಗಳು ಎದುರುಬದುರಾಗಿ ಕೂತರೆ ಕಾರ್ಡುಗಳು ನೆಟ್ಟಗೆ ನಿಲ್ಲುತ್ತವೆ.

ವೃತ್ತ 40 ಮಿ.ಮೀ. ಯಾಕೆ ಎನ್ನುವುದರಲ್ಲಿ ಒಂದು ವಿಷಯ ಅಡಗಿದೆ. ಹಿಡಿಕೆ ತಿರುಗುತ್ತಲೇ ಇರುವಾಗ ನಿಂತ ಕಾರ್ಡಿನ ತೂತು ಕೆಳಗಿಳಿಯುತ್ತಲೇ ಇರುತ್ತದೆ. ಅಂದರೆ ತನ್ನ ಸರದಿಯ ಅವಧಿಯಲ್ಲಿ ಪ್ರತಿ ಚಿತ್ರವೂ ಒಂದು ತೂತಿನ ಅಂತರದಷ್ಟು ಕೆಳಕ್ಕೆ ಜಾರುತ್ತದೆ. 60 ಮಿ.ಮೀ. ವೃತ್ತದಲ್ಲಿ ಈ ಅಂತರ ಸುಮಾರು 7.9 ಮಿ.ಮೀ., 40ರಲ್ಲಿ 5.2 ಮಿ.ಮೀ. ವೃತ್ತ ಕಿರಿದಾದಷ್ಟೂ ಚಿತ್ರ ಸ್ಥಿರ, ಆದರೆ ತೂತುಗಳ ನಡುವಿನ ಮರ ತೆಳುವಾಗಿ ಪದರ ಬಿಡುತ್ತದೆ. 40ಕ್ಕಿಂತ ಕೆಳಗೆ ಪ್ಲೈವುಡ್‌ನಲ್ಲಿ ಹೋಗಬಾರದು. ಸಿನಿಮಾ ಪ್ರೊಜೆಕ್ಟರುಗಳಲ್ಲಿರುವಂತಹ ಜಿನೀವಾ ಚಕ್ರ ಇಟ್ಟು ಉರುಳೆಯನ್ನೇ ಹೆಜ್ಜೆಹೆಜ್ಜೆಯಾಗಿ ನಿಲ್ಲಿಸಿ ನಡೆಸಬಹುದು, ಆಗ ಈ ಜಾರಾಟವೇ ಇರುವುದಿಲ್ಲ. ನಾನು ಇಡಲಿಲ್ಲ. ಐದು ಮಿಲಿಮೀಟರಿನ ಜಾರಾಟ ಎಲ್ಲ ಕಾರ್ಡಿನಲ್ಲೂ ಒಂದೇ ರೀತಿ ಇರುವುದರಿಂದ ಕಣ್ಣು ಅದಕ್ಕೆ ಬೇಗ ಹೊಂದಿಕೊಳ್ಳುತ್ತದೆ; ಕೈಗೆ ಸಿಗುವ ನಯವಾದ ತಿರುಗಾಟವನ್ನು ಅದಕ್ಕಾಗಿ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಪೆಟ್ಟಿಗೆಯ ಎರಡು ಪಕ್ಕಗಳು 9 ಮಿ.ಮೀ. ಪ್ಲೈವುಡ್. ಸರಳು 8 ಮಿ.ಮೀ. ಉಕ್ಕು, ಬೇರಿಂಗ್ 608: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ತಟ್ಟೆಗಳ ನಡುವಿನ ಅಂತರ 92 ಮಿ.ಮೀ. ಸರಳಿನ ಮಧ್ಯಬಿಂದು ಪೆಟ್ಟಿಗೆಯ ತಳದಿಂದ 90 ಮಿ.ಮೀ. ಎತ್ತರದಲ್ಲಿರಬೇಕು, ಏಕೆಂದರೆ ತಳಭಾಗಕ್ಕೆ ಬಂದ ಕಾರ್ಡಿನ ತುದಿ ಅಲ್ಲಿಂದ 80 ಮಿ.ಮೀ. ಕೆಳಗೆ ನೇತಾಡುತ್ತದೆ. ಮುಂಭಾಗ ಪೂರ್ತಿ ತೆರೆದಿರಬೇಕು. ಬೀಳುವ ಕಾರ್ಡು ನೋಡುವವರ ಕಡೆಗೆ 60 ಮಿ.ಮೀ. ಚಾಚಿಕೊಂಡೇ ಬೀಳುವುದರಿಂದ ಹತ್ತಿರದಲ್ಲಿ ಗಾಜು ಹಾಕುವ ಹಾಗಿಲ್ಲ.

ಹಿಡಿಕೆಯನ್ನು ನೇರವಾಗಿ ಉರುಳೆಯ ಸರಳಿಗೇ ಹಾಕಿದರೂ ನಡೆಯುತ್ತದೆ. ಆದರೆ ಸೆಕೆಂಡಿಗೆ 12 ಚಿತ್ರ ಬರಬೇಕಾದರೆ ಎರಡು ಸೆಕೆಂಡಿಗೆ ಒಂದು ಸುತ್ತು, ಅಷ್ಟು ನಿಧಾನವಾಗಿ ಸಮನಾಗಿ ತಿರುಗಿಸುವುದು ಕೈಗೆ ಕಷ್ಟ. ಹಿಡಿಕೆಯ ಸರಳಿಗೆ 20 ಹಲ್ಲಿನ ಗಿಯರ್, ಉರುಳೆಗೆ 60 ಹಲ್ಲಿನದು ಹಾಕಿದೆ. ಎರಡರ ಹಲ್ಲಿನ ಗಾತ್ರವೂ ಒಂದೇ (ಮಾಡ್ಯೂಲ್ 1), ಸರಳುಗಳ ಅಂತರ 40 ಮಿ.ಮೀ. ಈಗ ಹಿಡಿಕೆಯ ಒಂದು ಸುತ್ತಿಗೆ 8 ಕಾರ್ಡು ಬೀಳುತ್ತವೆ. ಮೂಕಿ ಚಿತ್ರಗಳ ಕಾಲದ ಕೈಹಿಡಿಕೆಯ ಸಿನಿಮಾ ಕ್ಯಾಮೆರಾಗಳಲ್ಲೂ ಒಂದು ಸುತ್ತಿಗೆ 8 ಚೌಕಟ್ಟು ಎಂಬುದೇ ರೂಢಿಯಾಗಿತ್ತು. ಕ್ಯಾಮೆರಾದವರು ಸೆಕೆಂಡಿಗೆ ಎರಡು ಸುತ್ತಿನಂತೆ ತಿರುಗಿಸಿ 16 ಚೌಕಟ್ಟು ತೆಗೆಯುತ್ತಿದ್ದರು. ತಿರುಗಿಸಿ ನೋಡಿದಾಗ ಆ ಲೆಕ್ಕ ಯಾಕೆ ನಿಂತಿತು ಎಂದು ಮಣಿಕಟ್ಟಿಗೇ ತಿಳಿಯುತ್ತದೆ: ಒಂದೂವರೆಯಿಂದ ಎರಡು ಸುತ್ತಿನ ವೇಗದಲ್ಲಿ ಕೈ ತಾನಾಗಿ ಲಯ ಹಿಡಿಯುತ್ತದೆ.

ಹಿಂದಕ್ಕೆ ತಿರುಗಿಸಿದರೆ ಕಾರ್ಡುಗಳು ಮುದುಡುತ್ತವೆ. ಹಿಡಿಕೆ ಕಂಡ ಪ್ರತಿಯೊಬ್ಬರೂ ಎರಡೂ ಕಡೆಗೆ ತಿರುಗಿಸಿಯೇ ನೋಡುತ್ತಾರೆ. 8ಕ್ಕೆ 22 ಮಿ.ಮೀ. ಅಳತೆಯಲ್ಲೇ ಏಕಮುಖ ಬೇರಿಂಗ್ ಸಿಗುತ್ತದೆ, ಉರುಳೆಯ ಒಂದು ಬದಿಗೆ ಅದನ್ನೇ ಕೂರಿಸಿದರೆ ಈ ತೊಂದರೆ ಇಲ್ಲ. ಯಂತ್ರವನ್ನು ಬೇರೆಯವರ ಕೈಗೆ ಕೊಡುವ ಯೋಚನೆ ಇದ್ದರೆ ಇದನ್ನು ಬಿಡಬೇಡಿ.

ಕಾರ್ಡು

ಅಗಲ 90, ಎತ್ತರ 60 ಮಿ.ಮೀ., ಕೆಳಅಂಚಿನ ಎರಡೂ ಬದಿಯಲ್ಲಿ 4 ಮಿ.ಮೀ. ಉದ್ದದ ಕಿವಿ. ಎ4 ಹಾಳೆಯೊಂದರಲ್ಲಿ ಎಂಟು ಕೂರುತ್ತವೆ, ಮೂರು ಹಾಳೆಗೆ ಒಂದು ಕಂತೆ. ಚಿತ್ರಗಳನ್ನು ತೆಳು ಕಾಗದದ ಮೇಲೆ ಮುದ್ರಿಸಿ, ದಪ್ಪ ಕಾರ್ಡ್‌ಶೀಟಿನ ಎರಡೂ ಮುಖಕ್ಕೆ ಒಟ್ಟಿಗೇ ಅಂಟಿಸುತ್ತೇನೆ. ಒಂದೇ ಮುಖಕ್ಕೆ ಅಂಟಿಸಿದ ಕಾರ್ಡು ಒಣಗಿದ ಮೇಲೆ ಆ ಕಡೆಗೇ ಸುರುಳಿಯಾಗುತ್ತದೆ.

ಕಾಗದಕ್ಕೆ ನಾರಿನ ದಿಕ್ಕು ಇದೆ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾರ್ಡು ಕತ್ತರಿಸಬಾರದು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿದರೆ ಒಂದು ಕಡೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆ ಎದುರಿಸುತ್ತದೆ. ನಾರು ಕಿವಿಯ ಅಂಚಿನಿಂದ ಮೇಲಿನ ತುದಿಯತ್ತ ಓಡುವಂತೆ ಕತ್ತರಿಸಿದರೆ ಕಾರ್ಡು ನೆಟ್ಟಗೆ ನಿಲ್ಲುತ್ತದೆ, ಬಾಗಿಸಿ ಬಿಟ್ಟರೆ ಚುರುಕಾಗಿ ಮರಳುತ್ತದೆ.

ಮುದ್ರಣದಲ್ಲಿ ಎಲ್ಲರೂ ಒಮ್ಮೆ ನಿಂತು ಯೋಚಿಸಬೇಕಾದ ಜಾಗವೊಂದಿದೆ. ಬೆನ್ನಿನ ಚಿತ್ರ ಯಾವ ಕಡೆಗೆ ನೆಟ್ಟಗಿರಬೇಕು? ಪುಸ್ತಕದ ಪುಟದ ಹಾಗೆ ಎಡಬಲವಾಗಿ ಮಗುಚಿದಾಗ ಅದು ತಲೆಕೆಳಗಾಗಿ ಕಾಣಬೇಕು. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದಂತೆ ಮೇಲೆಕೆಳಗಾಗಿ ಮಗುಚಿದಾಗ ನೆಟ್ಟಗಿರಬೇಕು. 7ನೇ ಕಾರ್ಡಿನ ಮುಂದೆ 7ನೇ ಚಿತ್ರದ ಮೇಲರ್ಧ, ಬೆನ್ನಿಗೆ 8ನೇ ಚಿತ್ರದ ಕೆಳಅರ್ಧ. ಇದನ್ನು ಖಚಿತಪಡಿಸಿಕೊಳ್ಳಲು ಚಿತ್ರಗಳಿಗೆ ಮೊದಲು ಬರೀ ಅಂಕಿಗಳ ಒಂದು ಕಂತೆ ಮಾಡಿಕೊಳ್ಳುವುದು ಒಳ್ಳೆಯದು: 1ರಿಂದ 24, ಪ್ರತಿ ಅಂಕಿಯೂ ಕಾರ್ಡಿನಗಲಕ್ಕೆ ದೊಡ್ಡದಾಗಿ, ನಡುವೆ ಸೀಳಿದ್ದು. ಉರುಳೆ ತಿರುಗಿಸಿದಾಗ ಅಂಕಿಗಳು ಇಡಿಯಾಗಿ ಕಂಡರೆ ಜೋಡಣೆ ಸರಿ. ನನ್ನ ಅಂಕಿಗಳ ಕಂತೆಯನ್ನು ಎಸೆದಿಲ್ಲ. ತಡೆಯನ್ನು ಹೊಂದಿಸುವಾಗಲೆಲ್ಲ ಅದನ್ನೇ ಹಾಕುತ್ತೇನೆ. ಕುದುರೆಯ ಚಿತ್ರದಲ್ಲಿ ಒಂದು ಕಾರ್ಡು ಹಾರಿಹೋದರೆ ಕಣ್ಣಿಗೆ ಅನುಮಾನವಷ್ಟೇ ಬರುತ್ತದೆ, 11 ಆದ ಮೇಲೆ 13 ಬಂದರೆ ಅನುಮಾನಕ್ಕೆ ಎಡೆಯೇ ಇಲ್ಲ.

ನಿಂತ ಕಾರ್ಡಿಗೂ ಬಿದ್ದ ಕಾರ್ಡಿಗೂ ನಡುವೆ ಒಂದು ತೂತಿನ ಅಂತರದಷ್ಟು ಸಂದು ಉಳಿಯುತ್ತದೆ. ಹಾಗಾಗಿ ಚಿತ್ರವನ್ನು 125 ಮಿ.ಮೀ. ಎತ್ತರಕ್ಕೆ ಸಿದ್ಧಪಡಿಸಿ, ನಡುವಿನ 5 ಮಿ.ಮೀ. ಪಟ್ಟಿಯನ್ನು ತೆಗೆದುಹಾಕಿ, ಉಳಿದ ಎರಡು 60ರ ಹೋಳುಗಳನ್ನು ಕಾರ್ಡಿಗೆ ಹಾಕುತ್ತೇನೆ. 120 ಮಿ.ಮೀ. ಚಿತ್ರವನ್ನು ಸರಿಯಾಗಿ ಎರಡು ಮಾಡಿ ಹಾಕಿದರೆ ಓರೆ ಗೆರೆಗಳೆಲ್ಲ ಸಂದಿನಲ್ಲಿ ಮುರಿದಂತೆ ಕಾಣುತ್ತವೆ, ಕುದುರೆಯ ಕಾಲು ಹೊಟ್ಟೆಯ ಕೆಳಗೆ ಎಲ್ಲೋ ಪಕ್ಕಕ್ಕೆ ಸರಿದಿರುತ್ತದೆ. ಪಟ್ಟಿ ತೆಗೆದಾಗ ಗೆರೆ ಸಂದಿನ ಹಿಂದೆ ಹಾದುಹೋಗಿ ಆಚೆ ಸರಿಯಾದ ಜಾಗದಲ್ಲೇ ಹೊರಬರುತ್ತದೆ. ಸರಳು ಮತ್ತು ತಟ್ಟೆಗಳಿಗೆ ಹೊಳಪಿಲ್ಲದ ಕಪ್ಪು ಬಳಿದರೆ ಸಂದು ಕಣ್ಣಿಗೆ ಬೀಳುವುದೇ ಕಡಿಮೆ.

24 ಕಾರ್ಡುಗಳ ಎತ್ತರವೂ ಒಂದೇ ಆಗಿರಬೇಕು. ತಡೆಯಿಂದ ಬಿಡುಗಡೆಯಾಗುವ ಗಳಿಗೆಯನ್ನು ನಿರ್ಧರಿಸುವುದು ಕಾರ್ಡಿನ ಮೇಲಂಚು. ಅರ್ಧ ಮಿಲಿಮೀಟರ್ ಗಿಡ್ಡ ಕಾರ್ಡು ಬೇಗ ಬೀಳುತ್ತದೆ, ಓಟದಲ್ಲಿ ಅಲ್ಲೊಂದು ಕುಂಟು ಬರುತ್ತದೆ. ಸ್ಕೇಲಿನಿಂದ ಒಂದೊಂದಾಗಿ ಅಳೆಯುವ ಬದಲು ಕತ್ತರಿಸುವ ಹಲಗೆಗೆ ಒಂದು ಮರದ ತುಂಡನ್ನು ತಡೆಯಾಗಿ ಬಿಗಿದು ಎಲ್ಲವನ್ನೂ ಅದಕ್ಕೇ ಒತ್ತಿ ಕತ್ತರಿಸಿದರೆ ಅಳತೆಯ ಚಿಂತೆ ಇಲ್ಲ.

ತಡೆ

ಹಿಂಬದಿಯಲ್ಲಿ ಕಾರ್ಡುಗಳು ಒಂದರ ಮೇಲೊಂದು ಒರಗಿಕೊಂಡು ಮೇಲೇರುತ್ತವೆ. ಉರುಳೆಯ ನೆತ್ತಿಯಲ್ಲಿ ಹಿಂದಕ್ಕೆ ಮಲಗಿರುವ ಕಾರ್ಡನ್ನು, ಅದು ಮುಂಭಾಗಕ್ಕೆ ಬರುತ್ತಿದ್ದಂತೆ, ಹಿಂದಿನ ಕಾರ್ಡುಗಳೇ ಎತ್ತಿ ನಿಲ್ಲಿಸುತ್ತವೆ. ತೀರಾ ಮುಂದಿನ ಬಿಂದುವಿಗೆ ಬಂದಾಗ ಅದು ಲಂಬವಾಗಿರುತ್ತದೆ. ಅಲ್ಲಿ ಯಾರೂ ಹಿಡಿಯದಿದ್ದರೆ ಸ್ವಲ್ಪ ವಾಲಿ, ತಡವರಿಸಿ, ತನಗೆ ತೋಚಿದಾಗ ಬೀಳುತ್ತದೆ. ತಡೆ ಇಲ್ಲದೆ ತಿರುಗಿಸಿದರೆ ಕಾಣುವುದು ಕಾಗದದ ಗಾಳಿಪಂಖ, ಚಿತ್ರವಲ್ಲ.

ನನ್ನ ತಡೆ 8 ಮಿ.ಮೀ. ಅಗಲದ ತೆಳು ಹಿತ್ತಾಳೆ ಪಟ್ಟಿ. ಪೆಟ್ಟಿಗೆಯ ಮೇಲ್ಹಲಗೆಯಿಂದ ಇಳಿದು ಕಾರ್ಡಿನ ಮೇಲಂಚನ್ನು ನಡುವಿನಲ್ಲಿ ಹಿಡಿಯುತ್ತದೆ. ಚಿತ್ರಕ್ಕೆ ಅಡ್ಡ ಬಾರದಿರಲೆಂದು ಎರಡು ಮೂಲೆಗಳಲ್ಲಿ ಎರಡು ತಡೆ ಇಡುವವರಿದ್ದಾರೆ. ಎರಡು ತಡೆಗಳು ಒಂದೇ ಕ್ಷಣದಲ್ಲಿ ಬಿಡುವಂತೆ ಹೊಂದಿಸುವುದು ಬಹಳ ಕಷ್ಟ. ಒಂದು ಮೂಲೆ ಮೊದಲು ಬಿಟ್ಟರೆ ಕಾರ್ಡು ತಿರುಚಿಕೊಂಡು ಬೀಳುತ್ತದೆ, ಒಂದು ಕಿವಿ ತೂತಿನಿಂದ ಹೊರಬರಲು ನೋಡುತ್ತದೆ. ಚಿತ್ರದ ಆಕಾಶದಲ್ಲಿ 8 ಮಿ.ಮೀ. ಬಿಟ್ಟುಕೊಟ್ಟರೆ ಆ ರಗಳೆಯೆಲ್ಲ ತಪ್ಪುತ್ತದೆ.

ಪಟ್ಟಿಯ ಸ್ಕ್ರೂ ಕೂರುವಲ್ಲಿ ಉದ್ದನೆಯ ಸೀಳು ಕೊರೆದು ಮೇಲೆಕೆಳಗೆ ಸರಿಸುವಂತೆ ಮಾಡಿದ್ದೇನೆ. ಕೆಳಅಂಚು ಸರಳಿನ ಮಧ್ಯದಿಂದ 57 ಮಿ.ಮೀ. ಎತ್ತರದಲ್ಲಿದ್ದರೆ, ಕಾರ್ಡಿನ ಕಿವಿ ಮಧ್ಯರೇಖೆಗಿಂತ 3 ಮಿ.ಮೀ. ಕೆಳಗಿಳಿದಾಗ ಬಿಡುಗಡೆ. ಇದಕ್ಕಿಂತ ಎತ್ತರದಲ್ಲಿಟ್ಟಾಗ ಕಾರ್ಡುಗಳು ಸೋಮಾರಿತನದಿಂದ ಬಿದ್ದವು. ತಗ್ಗಿಸಿದಾಗ ಅತಿಯಾಗಿ ಬಾಗಿ, ಎರಡೆರಡು ಒಟ್ಟಿಗೆ ಹಾರಿದವು.

ಕಣ್ಣಿನಿಂದ ಇದನ್ನು ಹಿಡಿಯಲಾಗುವುದಿಲ್ಲ. ಮೊಬೈಲನ್ನು ಪಕ್ಕದಲ್ಲಿಟ್ಟು ಸೆಕೆಂಡಿಗೆ 240 ಚೌಕಟ್ಟಿನ ನಿಧಾನಗತಿ ವಿಡಿಯೊ ತೆಗೆದೆ. ಸೆಕೆಂಡಿಗೆ 12 ಕಾರ್ಡು ಬೀಳುವಾಗ ಪ್ರತಿ ಕಾರ್ಡಿಗೂ 20 ಚೌಕಟ್ಟು ಸಿಗುತ್ತವೆ. ಯಂತ್ರದ ಗುಟ್ಟು ಬಯಲಾದದ್ದು ಅದರಲ್ಲೇ. 60 ಮಿ.ಮೀ. ಕಾರ್ಡು ಬರೀ ತನ್ನ ಭಾರದಿಂದ ವಾಲಿ ಬೀಳಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. 12ರ ವೇಗದಲ್ಲಿ ಪ್ರತಿ ಚಿತ್ರಕ್ಕೆ ಸಿಗುವುದೇ 83 ಮಿಲಿಸೆಕೆಂಡ್, 16ರ ವೇಗದಲ್ಲಿ 62. ಭಾರವನ್ನೇ ನಂಬಿದರೆ ಹಿಂದಿನ ಕಾರ್ಡು ಗಾಳಿಯಲ್ಲಿರುವಾಗಲೇ ಮುಂದಿನದರ ಸರದಿ ಮುಗಿದುಹೋಗುತ್ತದೆ. ಆದ್ದರಿಂದ ಕಾರ್ಡನ್ನು ಬೀಳಲು ಬಿಡುವುದು ಸಾಲದು, ಅದನ್ನು ಎಸೆಯಬೇಕು. ತಡೆಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ, ಅಂದರೆ ಉರುಳೆಯ ಕಡೆಗೆ, ಸರಿಸಿದೆ. ಈಗ ಕಾರ್ಡಿನ ಮೇಲ್ತುದಿಯನ್ನು ತಡೆ ಹಿಂದಕ್ಕೆ ಒತ್ತುತ್ತದೆ, ಬುಡದ ಹತ್ತಿರ ಹಿಂದಿನ ಕಾರ್ಡು ಮುಂದಕ್ಕೆ ನೂಕುತ್ತದೆ, ನಡುವೆ ಕಾರ್ಡು ನಸು ಬಾಗುತ್ತದೆ. ಅಂಚು ತಪ್ಪಿದೊಡನೆ ಆ ಬಾಗು ಬಿಚ್ಚಿಕೊಂಡು ಕಾರ್ಡನ್ನು ಮುಂದಕ್ಕೆ ಚಿಮ್ಮಿಸುತ್ತದೆ. ವಿಡಿಯೊದಲ್ಲಿ ಇದು ಸ್ಪಷ್ಟ: ನಿಂತಿರುವ ಕಾರ್ಡು ಬಹುತೇಕ ಅಲುಗುವುದೇ ಇಲ್ಲ, ಮೇಲಂಚು ಹಿತ್ತಾಳೆಯ ಕೆಳಗೆ ಇಂಚಿಂಚಾಗಿ ಜಾರುತ್ತದೆ, ಮರುಚೌಕಟ್ಟಿನಲ್ಲಿ ಅಂಚು ಮಸುಕಾಗಿದೆ, ಆಗಲೇ ಅದರ ಹಿಂದೆ ಕಾದಿದ್ದ ಚಿತ್ರ ತೆರೆದುಕೊಂಡಿದೆ.

ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಎರಡು ನಿಂತ ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿದ್ದ. ಅಂತರ ಸುಮಾರು 60 ಮಿಲಿಸೆಕೆಂಡ್ ಇದ್ದಾಗ ನೋಡುವವರಿಗೆ ಒಂದೇ ಗೆರೆ ಅಲ್ಲಿಂದಿಲ್ಲಿಗೆ ಸರಿದಂತೆ ಕಂಡಿತು. ಹಿಡಿಕೆಯನ್ನು ಸೆಕೆಂಡಿಗೆ ಎರಡು ಸುತ್ತಿಗೆ ಏರಿಸಿದಾಗ ನನ್ನ ಕಾರ್ಡುಗಳ ನಡುವಿನ ಅಂತರವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಬೀಳುವ ಕಾರ್ಡು ಕಣ್ಣಿನಿಂದ ಕಣ್ಮರೆಯಾಗಿ ಓಟ ಮಾತ್ರ ಉಳಿಯುವುದೂ ಅದೇ ವೇಗದಲ್ಲಿ.

ಸವೆತ ಮತ್ತು ದುರಸ್ತಿ

ಓಡಿಸುತ್ತಾ ಹೋದಂತೆ ಮೊದಲು ಸವೆದದ್ದು ಕಾರ್ಡುಗಳ ಮೇಲಂಚು, ಹಿತ್ತಾಳೆ ಉಜ್ಜುವ ಆ 8 ಮಿ.ಮೀ. ಜಾಗ. ಕಾಗದದ ಪದರ ಎದ್ದು ನವಿರಾದ ನಾರು ಹೊರಬಂದಿತ್ತು, ಅದು ತಡೆಗೆ ಸಿಕ್ಕಿಕೊಂಡು ಕಾರ್ಡು ತಡವಾಗಿ ಬೀಳುತ್ತಿತ್ತು. ನಯವಾದ ಸ್ಯಾಂಡ್‌ಪೇಪರಿನಿಂದ ಅಂಚನ್ನು ಒಮ್ಮೆ ಸವರಿ ಮೇಣದ ಬತ್ತಿ ಉಜ್ಜಿದೆ. ಹಿತ್ತಾಳೆಯ ಕೆಳಅಂಚಿನ ಚೂಪನ್ನೂ ದುಂಡಗೆ ಮಾಡಿದೆ. ಅಂಚಿಗೆ ಅಂಟುಪಟ್ಟಿ ಮಡಚಿ ಹಾಕಿದರೆ ಇನ್ನೂ ಹೆಚ್ಚು ಕಾಲ ಬರುತ್ತದೆ, ಆದರೆ ಹಾಕುವುದಾದರೆ 24ಕ್ಕೂ ಹಾಕಬೇಕು. ಒಂದೆರಡಕ್ಕೆ ಹಾಕಿದರೆ ಅವುಗಳ ಎತ್ತರ ಬೇರೆಯಾಗುತ್ತದೆ.

ಹೊಳಪಿನ ಲ್ಯಾಮಿನೇಷನ್ ಮಾಡಿಸಿದ ಒಂದು ಕಂತೆ ನೋಡಲು ಬಹಳ ಚೆನ್ನಾಗಿತ್ತು. ಒಣ ಹವೆಯಲ್ಲಿ ಆ ಕಾರ್ಡುಗಳು ಸ್ಥಿರವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಂಡು ಜೋಡಿಜೋಡಿಯಾಗಿ ಬೀಳಲಾರಂಭಿಸಿದವು. ತಡೆಯನ್ನು ಎಷ್ಟು ಹೊಂದಿಸಿದರೂ ಅದಕ್ಕೆ ಪರಿಹಾರವಿಲ್ಲ. ಹೊಳಪಿಲ್ಲದ ಕಾಗದವೇ ಈ ಕೆಲಸಕ್ಕೆ ಸರಿ. ಬೆಳಕು ಮುಖಕ್ಕೆ ಹೊಡೆಯುವುದೂ ತಪ್ಪುತ್ತದೆ.

ತೂತುಗಳಿಗೆ ಎಣ್ಣೆ ಹಾಕಬಾರದು, ಕಾಗದ ಹೀರಿಕೊಂಡು ಕಿವಿ ಮೆತ್ತಗಾಗುತ್ತದೆ. ಮೃದುವಾದ ಪೆನ್ಸಿಲಿನ ಸೀಸದ ಪುಡಿ ಸಾಕು. ಕಿವಿ ಹರಿದ ಕಾರ್ಡನ್ನು ಬದಲಿಸುವುದು ಸುಲಭ: ನಡುವೆ ಸ್ವಲ್ಪ ಬಾಗಿಸಿದರೆ ಎರಡೂ ಕಿವಿಗಳು ತೂತಿನಿಂದ ಹೊರಬರುತ್ತವೆ, ಹೊಸದನ್ನು ಹಾಗೆಯೇ ಬಾಗಿಸಿ ಕೂರಿಸಬಹುದು.

ಚಿತ್ರಗಳು

ಮೊದಲ ಕಂತೆಗೆ ಎಡ್ವರ್ಡ್ ಮೈಬ್ರಿಜ್ ತೆಗೆದ ಓಡುವ ಕುದುರೆಯನ್ನೇ ಆರಿಸಿಕೊಂಡೆ. 1878ರಲ್ಲಿ ಸಾಲಾಗಿ ನಿಲ್ಲಿಸಿದ ಕ್ಯಾಮೆರಾಗಳಿಂದ ತೆಗೆದ ಆ ಚಿತ್ರಗಳು, ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ವಾದಕ್ಕೆ ಉತ್ತರ ಕೊಟ್ಟವು. 1887ರಲ್ಲಿ ಅವನು ಪ್ರಾಣಿಗಳ ಮತ್ತು ಮನುಷ್ಯರ ಚಲನೆಯ 781 ಫಲಕಗಳನ್ನು ಪ್ರಕಟಿಸಿದ. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಯಾರಾದರೂ ಬಳಸಬಹುದು. ಒಂದು ನೆಗೆತದ ಚಕ್ರಕ್ಕೆ 12 ಚಿತ್ರ ಆರಿಸಿ ಎರಡು ಬಾರಿ ಹಾಕಿದರೆ 24 ತುಂಬುತ್ತದೆ. ಹಳೆಯ ಫಲಕಗಳಲ್ಲಿ ಚೌಕಟ್ಟಿನಿಂದ ಚೌಕಟ್ಟಿಗೆ ನೆಲದ ಗೆರೆ ಕೊಂಚ ಮೇಲೆಕೆಳಗೆ ಇರುತ್ತದೆ. ಕತ್ತರಿಸುವ ಮೊದಲು ಎಲ್ಲವನ್ನೂ ಆ ಗೆರೆಗೆ ಹೊಂದಿಸಿ, ಸವಾರನ ತಲೆ ಚೌಕಟ್ಟಿನ ಅದೇ ಭಾಗದಲ್ಲಿ ಇರುವಂತೆ ಸರಿಸಬೇಕು. ಈ ಕೆಲಸಕ್ಕೆ ಮರಗೆಲಸಕ್ಕಿಂತ ಹೆಚ್ಚು ತಾಳ್ಮೆ ಬೇಕು, ಕೊಟ್ಟಷ್ಟೂ ಓಟ ನಯವಾಗುತ್ತದೆ.

ಸ್ವಂತ ಚಿತ್ರ ಬೇಕೆಂದರೆ ಸೆಕೆಂಡಿಗೆ 60 ಚೌಕಟ್ಟಿನಲ್ಲಿ ಎರಡು ಸೆಕೆಂಡಿನ ವಿಡಿಯೊ ತೆಗೆದು 120 ಚೌಕಟ್ಟಿನಲ್ಲಿ ಐದಕ್ಕೊಂದರಂತೆ ತೆಗೆದುಕೊಂಡರೆ ಸರಿಯಾಗಿ 24. ಕ್ಯಾಮೆರಾ ಅಲುಗಬಾರದು, ಹಿನ್ನೆಲೆ ಖಾಲಿ ಇರಬೇಕು. ಮುಖ್ಯವಾದುದು ಯಾವುದೂ ಚಿತ್ರದ ನಟ್ಟನಡುವಿನ ಸಂದಿನ ಎತ್ತರದಲ್ಲಿ ಬರಬಾರದು. ಮುಖ ತೋರಿಸುವುದಾದರೆ ಪೂರ್ತಿ ಮೇಲರ್ಧದಲ್ಲೇ ಇರಲಿ. ಚಲನೆ ಆರಂಭವಾದ ಭಂಗಿಯಲ್ಲೇ ಮುಗಿಯಬೇಕು. ಹಗ್ಗ ಜಿಗಿತ ನೋಡಲು ಸೊಗಸು, ಆದರೆ ಹಗ್ಗ ತೆಳುವಾಗಿ ಮಸುಕಾಗಿ ಮಾಯವಾಗುತ್ತದೆ. ನಾನೀಗ ಜೋಡಿಸುತ್ತಿರುವ ಕಂತೆಯಲ್ಲಿ ಎರಡು ಕೈಗಳು ಒಂದು ಕಾಗದದ ಹಾಳೆಯನ್ನು ಮಡಚಿ ಮತ್ತೆ ಬಿಡಿಸುತ್ತವೆ. ಮೊದಲ 13 ಚೌಕಟ್ಟಿನಲ್ಲಿ ಮಡಚುವುದು, ಆಮೇಲೆ 12ರಿಂದ 2ರವರೆಗಿನ ಅವೇ ಚೌಕಟ್ಟುಗಳು ಹಿಂದುಮುಂದಾಗಿ. ಮಡಚುವಾಗ ಹಾಳೆ ಎಡಕ್ಕೆ ಜರುಗಿರುವುದರಿಂದ ಐದನೆಯ ಮತ್ತು ಆರನೆಯ ಚೌಕಟ್ಟುಗಳನ್ನು ಇನ್ನೊಮ್ಮೆ ಹೊಂದಿಸಬೇಕಾಗಿದೆ.